ಅಪ್ಪನಿಗೊಂದು ಪತ್ರ, ಇರ್ವಿನ್ನನಿಗೊಂದು ಉತ್ತರ

ಕೊಪ್ಪಳ ತಾಲ್ಲೂಕಿನ ಒಂದು ಹಳ್ಳಿಯ ಪ್ರೌಢಶಾಲೆ. ಒಂಬತ್ತನೇ ತರಗತಿ, 38 ಮಕ್ಕಳು. ಕಿರುಪರೀಕ್ಷೆಯಲ್ಲಿ ನಾನೇ ಕೇಳಿದ್ದ ಪ್ರಶ್ನೆ: ‘ನಿಮ್ಮೂರಿಗೆ ಬೆಳಗಿನ ಹೊತ್ತು ಬಸ್ ಬಿಡುವಂತೆ ಕೋರಿ ಸಂಬಂಧಪಟ್ಟ ಅಧಿಕಾರಿಗೆ ಪತ್ರ ಬರೆಯಿರಿ.’ ಉತ್ತರ ಪತ್ರಿಕೆಗಳನ್ನು ಮನೆಗೆ ತಂದು ತಿದ್ದಲು ಕುಳಿತೆ. ಹತ್ತು ಪತ್ರಿಕೆ ಮುಗಿಯುವಷ್ಟರಲ್ಲಿ ಹನ್ನೊಂದನೆಯದನ್ನು ಓದದೆಯೇ ಹೇಳಬಹುದಾಗಿತ್ತು. ಎಡಕ್ಕೆ ‘ಇವರಿಂದ’, ಅದರ ಕೆಳಗೆ ‘ಇವರಿಗೆ’, ‘ಮಾನ್ಯರೇ’, ‘ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ’, ಕೊನೆಗೆ ‘ತಮ್ಮ ವಿಶ್ವಾಸಿ’. ಮೂವರಂತೂ ಗೈಡಿನಲ್ಲಿದ್ದ ಊರಿನ ಹೆಸರನ್ನೂ ಹಾಗೆಯೇ ಇಳಿಸಿದ್ದರು. ಅದು ತುಮಕೂರು ಕಡೆಯ ಊರು.

ನಮೂನೆ ಸರಿಯಿತ್ತು, ಕಾಗುಣಿತ ಹೆಚ್ಚುಕಡಿಮೆ ಸರಿಯಿತ್ತು, ಆದ್ದರಿಂದ ಅಂಕ ಕೊಡಲೇಬೇಕಾಯಿತು. ಕೊಟ್ಟೆ. ಆದರೆ ಅಂದು ರಾತ್ರಿ ನನಗೆ ನೆಮ್ಮದಿಯಿರಲಿಲ್ಲ. ಆ ಮಕ್ಕಳಲ್ಲಿ ಹನ್ನೊಂದು ಮಂದಿ ಪಕ್ಕದ ಊರಿನಿಂದ ದಿನವೂ ನಾಲ್ಕು ಕಿಲೋಮೀಟರ್ ನಡೆದು ಬರುತ್ತಾರೆ. ಮಳೆಗಾಲದಲ್ಲಿ ಎರೆಮಣ್ಣು ಅಂಟಿದ ಚಪ್ಪಲಿಗಳನ್ನು ಕೈಯಲ್ಲಿ ಹಿಡಿದು ಬಂದು ಶಾಲೆಯ ನಳದ ಹತ್ತಿರ ಕಾಲು ತೊಳೆಯುತ್ತಾರೆ. ಬಸ್ಸಿಗಾಗಿ ಬರೆದ ಪತ್ರದಲ್ಲಿ ಆ ನಡಿಗೆಯ ಬಗ್ಗೆ, ಆ ಮಣ್ಣಿನ ಬಗ್ಗೆ ಅವರಲ್ಲಿ ಒಬ್ಬರೂ ಒಂದು ಸಾಲನ್ನೂ ಬರೆದಿರಲಿಲ್ಲ.

ಮರುದಿನ ಒಬ್ಬ ಹುಡುಗನನ್ನು ಕೇಳಿದೆ: “ನೀನು ನಡೆದು ಬರುವುದನ್ನು ಯಾಕೆ ಬರೆಯಲಿಲ್ಲ?” ಅವನಿಗೆ ನನ್ನ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತು. “ಅದನ್ನು ಯಾರು ಓದುತ್ತಾರೆ ಸರ್?” ಎಂದ. ಈ ಪ್ರಕರಣ ಶುರುವಾದದ್ದು ಅವನ ಆ ಮಾತಿನಿಂದ. ಪತ್ರ ಎಂದರೆ ಓದುವವನೊಬ್ಬ ಇರುತ್ತಾನೆ, ಅವನಿಗೂ ಮನಸ್ಸಿದೆ, ಅದನ್ನು ಅಲುಗಿಸಬಹುದು ಎಂಬ ನಂಬಿಕೆಯೇ ಮಕ್ಕಳಲ್ಲಿ ಇರಲಿಲ್ಲ. ನಂಬಿಕೆ ಇಲ್ಲದ ಮೇಲೆ ನಮೂನೆ ಎಷ್ಟು ಚೆಂದವಿದ್ದರೇನು?

ಸಮಾಜ ವಿಜ್ಞಾನದ ಸಹೋದ್ಯೋಗಿಯೊಂದಿಗೆ ಮಾತಾಡಿದೆ. ವಾರಕ್ಕೆ ಎರಡು ಅವಧಿಗಳನ್ನು ಕೂಡಿಸಿಕೊಂಡು, ಇತಿಹಾಸದಲ್ಲಿ ನಿಜವಾಗಿ ಬರೆಯಲಾದ, ಮತ್ತೊಬ್ಬರ ಮನವೊಲಿಸಲೆಂದೇ ಬರೆದ ಕೆಲವು ಪತ್ರಗಳನ್ನು ಮಕ್ಕಳ ಮುಂದಿಡೋಣ ಎಂದು ಇಬ್ಬರೂ ಒಪ್ಪಿಕೊಂಡೆವು. ಆಯ್ದ ಭಾಗಗಳನ್ನು ನಾನೇ ಕನ್ನಡಕ್ಕೆ ತಂದುಕೊಂಡೆ.

ಮೊದಲ ಪತ್ರ ಅವರದೇ ವಯಸ್ಸಿಗೆ ಹತ್ತಿರದ ಒಬ್ಬ ಹುಡುಗಿಯದು. 1860ರ ಅಕ್ಟೋಬರ್ 15ರಂದು ನ್ಯೂಯಾರ್ಕ್ ರಾಜ್ಯದ ವೆಸ್ಟ್‌ಫೀಲ್ಡ್ ಎಂಬ ಊರಿನ ಹನ್ನೊಂದು ವರ್ಷದ ಗ್ರೇಸ್ ಬೆಡೆಲ್, ಅಮೆರಿಕದ ಅಧ್ಯಕ್ಷ ಚುನಾವಣೆಗೆ ನಿಂತಿದ್ದ ಅಬ್ರಹಾಂ ಲಿಂಕನ್‌ಗೆ ಗಡ್ಡ ಬಿಡುವಂತೆ ಬರೆದಳು. ನಿಮ್ಮ ಮುಖ ಬಹಳ ತೆಳ್ಳಗಿದೆ, ಗಡ್ಡ ಬಿಟ್ಟರೆ ಚೆನ್ನಾಗಿ ಕಾಣುತ್ತೀರಿ. ಹೆಂಗಸರಿಗೆ ಗಡ್ಡ ಇಷ್ಟ, ಅವರು ಗಂಡಂದಿರ ಬೆನ್ನು ಹತ್ತಿ ನಿಮಗೆ ಮತ ಹಾಕಿಸುತ್ತಾರೆ. ನನಗೆ ನಾಲ್ವರು ಅಣ್ಣತಮ್ಮಂದಿರು, ಕೆಲವರು ಹೇಗೂ ನಿಮಗೇ ಹಾಕುತ್ತಾರೆ, ಗಡ್ಡ ಬಿಟ್ಟರೆ ಉಳಿದವರನ್ನೂ ಒಪ್ಪಿಸಲು ನೋಡುತ್ತೇನೆ. ತರಗತಿ ನಕ್ಕಿತು. ಆಮೇಲೆ ಯಾರೂ ಕೇಳದೆಯೇ ಒಬ್ಬಳು ಹೇಳಿದಳು: “ಸರ್, ಅವಳು ತನಗೇನು ಬೇಕು ಎಂದು ಬರೆಯಲಿಲ್ಲ, ಅವರಿಗೇನು ಬೇಕೋ ಅದನ್ನು ಬರೆದಳು.” ನಾಲ್ಕೇ ದಿನಕ್ಕೆ ಲಿಂಕನ್ ಉತ್ತರ ಬರೆದರು. ಈವರೆಗೆ ಬಿಟ್ಟಿಲ್ಲದ ಗಡ್ಡವನ್ನು ಈಗ ಬಿಟ್ಟರೆ ಜನ ಹಾಸ್ಯ ಮಾಡುವುದಿಲ್ಲವೇ ಎಂದು ಆ ಹುಡುಗಿಯನ್ನೇ ಕೇಳಿದರು. ಬಿಡುತ್ತೇನೆಂದು ಮಾತು ಕೊಡಲಿಲ್ಲ, ಆದರೆ ಬಿಟ್ಟರು. ಮುಂದಿನ ಫೆಬ್ರುವರಿಯಲ್ಲಿ ರೈಲು ವೆಸ್ಟ್‌ಫೀಲ್ಡ್‌ನಲ್ಲಿ ನಿಂತಾಗ ಅವಳನ್ನು ಕರೆಸಿ ಮಾತಾಡಿಸಿದರು.

ಲಿಂಕನ್ ಹೆಸರು ಬಂದ ಕೂಡಲೇ ಒಬ್ಬ ಹುಡುಗ ಸಿಬ್ಬಂದಿ ಕೋಣೆಯ ಗೋಡೆಯಲ್ಲಿ ಕಟ್ಟು ಹಾಕಿಸಿ ತೂಗು ಹಾಕಿರುವ ಪತ್ರವನ್ನು ನೆನಪಿಸಿದ. ಮಗನ ಶಿಕ್ಷಕರಿಗೆ ಲಿಂಕನ್ ಬರೆದದ್ದು ಎನ್ನಲಾಗುವ ಆ ಪತ್ರ ನಮ್ಮ ಎಷ್ಟೋ ಶಾಲೆಗಳಲ್ಲಿದೆ. ಅದನ್ನು ಲಿಂಕನ್ ಬರೆದರು ಎನ್ನಲು ಆಧಾರವಿಲ್ಲ ಎಂದು ಅಂದೇ ಹೇಳಬೇಕಾಯಿತು. ಮಕ್ಕಳಿಗೆ ಬೇಸರವಾಯಿತು, ನನಗೂ ಹಿತವೆನಿಸಲಿಲ್ಲ. ಆದರೆ ಅದರಿಂದ ಒಂದು ಕಟ್ಟುನಿಟ್ಟಾದ ನಿಯಮ ಹುಟ್ಟಿತು: ಇತಿಹಾಸದ ವ್ಯಕ್ತಿಯ ಹೆಸರಿನಲ್ಲಿ ನಾವು ಏನೇ ಬರೆದರೂ ಹಾಳೆಯ ನೆತ್ತಿಯ ಮೇಲೆ ಕೆಂಪು ಶಾಯಿಯಲ್ಲಿ ‘ಕಲ್ಪಿತ ಪತ್ರ’ ಎಂದಿರಬೇಕು, ಕೆಳಗೆ ಬರೆದ ವಿದ್ಯಾರ್ಥಿಯ ಹೆಸರಿರಬೇಕು, ಮೊಬೈಲಿನಲ್ಲಿ ಅದರ ಚಿತ್ರ ತೆಗೆಯಬಾರದು. ಇಂಥ ಅಭ್ಯಾಸ ಮಾಡಿಸುವ ಯಾವ ಶಿಕ್ಷಕರೂ ಈ ನಿಯಮವನ್ನು ಸಡಿಲಿಸಬಾರದು ಎಂದು ಕೇಳಿಕೊಳ್ಳುತ್ತೇನೆ. ಇಂದು ನಮ್ಮ ಮಕ್ಕಳು ಬರೆದ ಕಲ್ಪನೆ ನಾಳೆ ಯಾರದೋ ವಾಟ್ಸ್‌ಆ್ಯಪ್‌ನಲ್ಲಿ ಇತಿಹಾಸವಾಗಿ ಓಡಾಡಬಾರದು.

ಎರಡಾಣೆಯ ಲೆಕ್ಕ

ಮುಖ್ಯ ಪಠ್ಯವಾಗಿ ಆರಿಸಿಕೊಂಡದ್ದು ಗಾಂಧೀಜಿ 1930ರ ಮಾರ್ಚ್ 2ರಂದು ಸಾಬರಮತಿ ಆಶ್ರಮದಿಂದ ವೈಸ್‌ರಾಯ್ ಇರ್ವಿನ್‌ಗೆ ಬರೆದ ಪತ್ರ. ಉಪ್ಪಿನ ಕಾಯ್ದೆ ಮುರಿಯುವ ಮುನ್ನ ಬರೆದದ್ದು. ಅದು ‘ಪ್ರಿಯ ಗೆಳೆಯರೇ’ ಎಂದು ತೊಡಗುತ್ತದೆ. ಬ್ರಿಟಿಷ್ ಆಳ್ವಿಕೆ ಶಾಪ ಎನ್ನುತ್ತದೆ, ಆದರೆ ಒಬ್ಬ ಇಂಗ್ಲಿಷರವನಿಗೂ ಕೇಡು ಬಯಸುವುದಿಲ್ಲ ಎಂದೂ ಹೇಳುತ್ತದೆ. ಆಮೇಲೆ ಬರುವುದು ಸಂಬಳದ ಲೆಕ್ಕ. ವೈಸ್‌ರಾಯರ ಸಂಬಳ ತಿಂಗಳಿಗೆ 21,000 ರೂಪಾಯಿ, ಅಂದರೆ ದಿನಕ್ಕೆ 700 ರೂಪಾಯಿಗೂ ಹೆಚ್ಚು. ಭಾರತೀಯನ ಸರಾಸರಿ ವರಮಾನ ದಿನಕ್ಕೆ ಸುಮಾರು ಎರಡಾಣೆ.

ನಾನು ಓದುವುದನ್ನು ಅಲ್ಲಿಗೇ ನಿಲ್ಲಿಸಿದೆ. ರೂಪಾಯಿಗೆ ಹದಿನಾರಾಣೆ ಎಂಬುದು ಈ ಮಕ್ಕಳಿಗೆ ಗೊತ್ತಿಲ್ಲ. ಕರಿಹಲಗೆಯ ಮೇಲೆ ಬರೆದೆ. ಒಬ್ಬ ಹುಡುಗಿ ಎದ್ದು ಬಂದು ಸೀಮೆಸುಣ್ಣ ಹಿಡಿದಳು. 700ನ್ನು 16ರಿಂದ ಗುಣಿಸಿ 11,200 ಆಣೆ. ಎರಡರಿಂದ ಭಾಗಿಸಿ 5,600. ಪತ್ರದಲ್ಲೂ ಗಾಂಧೀಜಿ ಐದು ಸಾವಿರ ಪಟ್ಟಿಗೂ ಮಿಕ್ಕಿ ಎಂದೇ ಬರೆದಿದ್ದಾರೆ, ಬ್ರಿಟನ್ನಿನ ಪ್ರಧಾನಿಗೆ ಅಲ್ಲಿನ ಜನರ ಸರಾಸರಿ ವರಮಾನದ ತೊಂಬತ್ತು ಪಟ್ಟು ಮಾತ್ರ ಎಂದು ಪಕ್ಕದಲ್ಲೇ ಇಟ್ಟು ತೋರಿಸಿದ್ದಾರೆ. ತಾವೇ ಹಾಕಿದ ಲೆಕ್ಕ ತೊಂಬತ್ತು ವರ್ಷಕ್ಕೂ ಹಿಂದಿನ ಪತ್ರದ ಲೆಕ್ಕಕ್ಕೆ ಕೂಡಿಬಂದಾಗ ಹಿಂದಿನ ಬೆಂಚಿನವರೂ ಕತ್ತೆತ್ತಿ ನೋಡಿದರು. ಅದಾದ ಮೇಲಿನ ಸಾಲು ಇನ್ನೂ ಸೂಕ್ಷ್ಮ. ನಿಮಗೆ ಈ ಸಂಬಳದ ಅಗತ್ಯವಿಲ್ಲವೆಂದು ಬಲ್ಲೆ, ಬಹುಶಃ ಅದೆಲ್ಲ ದಾನಕ್ಕೇ ಹೋಗುತ್ತದೆ, ಆದರೆ ಇಂಥ ಏರ್ಪಾಡನ್ನು ಮಾಡಿಟ್ಟ ವ್ಯವಸ್ಥೆ ತೊಲಗಬೇಕು ಎನ್ನುತ್ತಾರೆ. ವ್ಯವಸ್ಥೆಗೆ ಕೊಡಲಿ, ಮನುಷ್ಯನಿಗೆ ಮರ್ಯಾದೆ.

ಪತ್ರವನ್ನು ಅವರು ಅಂಚೆಗೆ ಹಾಕಲಿಲ್ಲ. ರೆಜಿನಾಲ್ಡ್ ರೆನಾಲ್ಡ್ಸ್ ಎಂಬ ತರುಣ ಇಂಗ್ಲಿಷ್ ಗೆಳೆಯನ ಕೈಯಲ್ಲಿ ದಿಲ್ಲಿಗೆ ಕಳಿಸಿದರು, ಬೇಕೆಂದೇ ಹಾಗೆ ಕಳಿಸುತ್ತಿದ್ದೇನೆಂದು ಪತ್ರದಲ್ಲೂ ತಿಳಿಸಿದರು. ಪತ್ರವನ್ನು ಒಯ್ಯುವವನೂ ಪತ್ರದ ಭಾಗವೇ ಎಂದು ನಾನು ಹೇಳಿದೆ. ಈ ಮಾತು ಮುಂದೆ ಎಲ್ಲಿ ಹೋಗಿ ನಾಟಲಿದೆ ಎಂದು ಆಗ ನನಗೆ ಗೊತ್ತಿರಲಿಲ್ಲ.

ಇರ್ವಿನ್ನರಿಂದ ಬಂದದ್ದು ಕಾರ್ಯದರ್ಶಿಯ ಮೂಲಕ ಚಿಕ್ಕ ಉತ್ತರ: ಕಾನೂನು ಭಂಗವೂ ಸಾರ್ವಜನಿಕ ಶಾಂತಿಗೆ ಅಪಾಯವೂ ಆಗುವ ದಾರಿ ಹಿಡಿಯುತ್ತಿರುವುದಕ್ಕೆ ವಿಷಾದ. ಮಂಡಿಯೂರಿ ರೊಟ್ಟಿ ಕೇಳಿದೆ, ಕಲ್ಲು ಸಿಕ್ಕಿತು ಎಂದರು ಗಾಂಧೀಜಿ. ಮಾರ್ಚ್ 12ರಂದು ಹೊರಟ ದಂಡಿ ಯಾತ್ರೆಯ ಸತ್ಯಾಗ್ರಹಿಗಳಲ್ಲಿ ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪ ಇದ್ದರು ಎಂದಾಗ ಮಕ್ಕಳಿಗೆ ಹೆಮ್ಮೆಯಾಯಿತು. ಆಗ ಒಬ್ಬ ಕೇಳಿದ ಪ್ರಶ್ನೆ ನನ್ನನ್ನು ಇಂದಿಗೂ ಕಾಡುತ್ತದೆ: “ನಮ್ಮ ಕೊಪ್ಪಳ ಆಗ ನಿಜಾಮರ ಸೀಮೆಯಲ್ಲಿತ್ತಲ್ಲ ಸರ್, ನಮ್ಮ ಮುತ್ತಜ್ಜ ಯಾರಿಗೆ ಬರೆಯಬೇಕಿತ್ತು?”

ಅಭ್ಯಾಸ ಇದು: ಇರ್ವಿನ್ನರ ಕುರ್ಚಿಯಲ್ಲಿ ಕುಳಿತು, ಅವರು ನಿಜವಾಗಿ ಬರೆಯದೇ ಹೋದ ಉದ್ದನೆಯ ಉತ್ತರವನ್ನು ಬರೆಯಿರಿ.

ಮೊದಲ ದಿನ ಅದು ಪೂರ್ತಿ ಕೆಟ್ಟಿತು. ‘ನಾನು ದುಷ್ಟ ಆಂಗ್ಲ, ನಿನ್ನ ಮಾತು ಕೇಳುವುದಿಲ್ಲ’ ಎಂಬ ಧಾಟಿಯಲ್ಲೇ ಎಲ್ಲರೂ ಬರೆದರು. ಬಯಲಾಟದ ರಕ್ಕಸ ವೇಷದಂತೆ ಇರ್ವಿನ್ ಬಂದು ಅಬ್ಬರಿಸಿ ಹೋದ. ತಪ್ಪು ನನ್ನದೇ. ಕುರ್ಚಿಯಲ್ಲಿ ಕೂರಿಸಿದ್ದೆ, ಕುರ್ಚಿಯ ಸುತ್ತ ಏನಿದೆ ಎಂದು ತೋರಿಸಿರಲಿಲ್ಲ. ಎರಡನೆಯ ಸಲ ಬರೆಯುವ ಮೊದಲು ಮೂರೇ ಪ್ರಶ್ನೆ ಕೊಟ್ಟೆ: ಹೌದು ಎಂದರೆ ಈತ ಏನನ್ನು ಕಳೆದುಕೊಳ್ಳುತ್ತಾನೆ? ಯಾರಿಗೆ ಹೆದರುತ್ತಾನೆ? ಪತ್ರದ ಯಾವ ಸಾಲು ಈತನಿಗೆ ರಾತ್ರಿ ನೆನಪಾಗುತ್ತದೆ? ಉತ್ತರಗಳನ್ನು ಬರೆದುಕೊಳ್ಳದವರಿಗೆ ಪತ್ರ ಬರೆಯಲು ಹಾಳೆ ಕೊಡಲಿಲ್ಲ.

‘ಅದನ್ನು ಯಾರು ಓದುತ್ತಾರೆ’ ಎಂದು ಕೇಳಿದ್ದ ಹುಡುಗನೇ ಹೀಗೆ ಬರೆದ: ‘ನೀವು ನನ್ನನ್ನು ಗೆಳೆಯ ಎಂದು ಕರೆದಿದ್ದೀರಿ. ಹಾಗೆ ಕರೆದವರನ್ನು ಹಿಡಿಸುವುದು ಕಷ್ಟ. ಹಿಡಿಸದಿದ್ದರೆ ಲಂಡನ್ನಿನವರು ನನ್ನನ್ನು ಕೇಳುತ್ತಾರೆ. ನೀವು ಹೇಳಿದ ಎರಡಾಣೆಯ ಮಾತು ಸುಳ್ಳು ಎಂದು ನನ್ನ ಗುಮಾಸ್ತರು ಹೇಳಲಿ ಎಂದು ಕಾದೆ. ಯಾರೂ ಹೇಳಲಿಲ್ಲ.’ ಈ ನಾಲ್ಕು ಸಾಲನ್ನು ನಾನು ತರಗತಿಗೆ ಎರಡು ಸಲ ಓದಿ ಹೇಳಿದೆ. ಒಬ್ಬ ಓದುಗನ ಒಳಗೆ ಹೊಕ್ಕು ನೋಡಿದವನು ಮಾತ್ರ ಹೀಗೆ ಬರೆಯಬಲ್ಲ. ನನ್ನ ಅನುಭವದಲ್ಲಿ ಪತ್ರ ಬರೆಯುವುದನ್ನು ಕಲಿಸುವ ಸರಿಯಾದ ದಾರಿ ಇದೇ: ಮೊದಲು ಉತ್ತರ ಬರೆಸಬೇಕು, ಆಮೇಲೆ ಪತ್ರ.

ಬೆಟ್ಟದ ಮೇಲಿನ ಓಲೆ

ಕೊಪ್ಪಳದ ಮಕ್ಕಳಿಗೆ ಹಳೆಯ ಪತ್ರವೆಂದರೆ ದೂರದ್ದಾಗಬೇಕಿಲ್ಲ. ಒಂದು ಶನಿವಾರ ಮಧ್ಯಾಹ್ನ ಬರಲು ಸಾಧ್ಯವಾದವರನ್ನು ಗವಿಮಠದ ಬೆಟ್ಟಕ್ಕೆ ಕರೆದೊಯ್ದೆವು. ಅಶೋಕನ ಕಿರು ಶಿಲಾಶಾಸನ ಅಲ್ಲಿದೆ, ಹತ್ತಿರದ ಪಾಲ್ಕಿಗುಂಡಿನಲ್ಲೂ ಇದೆ. ಜಾತ್ರೆಗೆ ಪ್ರತಿವರ್ಷ ಬರುವ ಮಕ್ಕಳು; ಬಂಡೆಯ ಮೇಲಿನ ಬ್ರಾಹ್ಮಿ ಅಕ್ಷರಗಳನ್ನು ಬಗ್ಗಿ ನೋಡಿದ್ದು ಅದೇ ಮೊದಲು.

ಅದರ ಸಾರವನ್ನು ಅಲ್ಲೇ ನಿಂತು ಹೇಳಿದೆ. ಎರಡೂವರೆ ವರ್ಷಕ್ಕೂ ಹೆಚ್ಚು ಕಾಲದಿಂದ ನಾನು ಉಪಾಸಕನಾಗಿದ್ದೇನೆ (ಬುದ್ಧನನ್ನು ಅನುಸರಿಸುವ ಗೃಹಸ್ಥ), ಆದರೆ ಮೊದಲ ಒಂದು ವರ್ಷ ಹೆಚ್ಚಿನ ಪ್ರಯತ್ನ ಮಾಡಲಿಲ್ಲ ಎನ್ನುತ್ತಾನೆ ದೊರೆ. ದೊಡ್ಡವರಿಗಷ್ಟೇ ದಕ್ಕುವ ಫಲ ಇದಲ್ಲ, ಪ್ರಯತ್ನಪಟ್ಟರೆ ಸಣ್ಣವರಿಗೂ ದಕ್ಕುತ್ತದೆ ಎನ್ನುತ್ತಾನೆ. ಚಕ್ರವರ್ತಿ ಜನರಿಗೆ ಬುದ್ಧಿ ಹೇಳುವ ಮೊದಲು ತನ್ನ ಕೊರತೆಯನ್ನು ಕಲ್ಲಿನಲ್ಲಿ ಕೊರೆಸಿದ್ದಾನೆ! ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಇದೇ ಶಾಸನ ಥೇಟ್ ಪತ್ರದಂತೆ ಶುರುವಾಗುತ್ತದೆ: ಸುವರ್ಣಗಿರಿಯಿಂದ ಆರ್ಯಪುತ್ರ (ರಾಜಕುಮಾರ) ಮತ್ತು ಮಹಾಮಾತ್ರರು (ಹಿರಿಯ ಅಧಿಕಾರಿಗಳು) ಇಸಿಲದ ಮಹಾಮಾತ್ರರಿಗೆ ಆರೋಗ್ಯ ಕೋರಿ ತಿಳಿಸುವುದು. ‘ಇವರಿಂದ’, ‘ಇವರಿಗೆ’, ‘ಕ್ಷೇಮ’ ಮೂರೂ ಅದರಲ್ಲಿವೆ. ಆ ಸುವರ್ಣಗಿರಿ ನಮ್ಮ ಜಿಲ್ಲೆಯ ಕನಕಗಿರಿಯೇ ಇರಬೇಕೆಂದು ಹೇಳುವ ವಿದ್ವಾಂಸರಿದ್ದಾರೆ, ಬೇರೆ ಊರು ಎನ್ನುವವರೂ ಇದ್ದಾರೆ. ಕನಕಗಿರಿಯಲ್ಲಿ ಸೋದರತ್ತೆ ಇರುವ ಹುಡುಗನೊಬ್ಬ ಅದು ತಮ್ಮದೇ ಊರೆಂದು ಪಟ್ಟು ಹಿಡಿದ.

ಓದು ಬಾರದ ಜನಕ್ಕೆ ಕಲ್ಲಿನ ಬರಹ ತಲುಪಿದ್ದು ಹೇಗೆ? ಕಳಿಂಗದ ಶಾಸನಗಳಲ್ಲಿ, ತಿಷ್ಯ ನಕ್ಷತ್ರದ ದಿನ ಇದನ್ನು ಓದಿ ಕೇಳಿಸಬೇಕು, ಒಬ್ಬನೇ ಇದ್ದರೂ ಕೇಳಿಸಬೇಕು ಎಂಬ ಅಪ್ಪಣೆಯಿದೆ. ಓದುವವನ ಬಾಯಿಗಾಗಿ, ಕೇಳುವವನ ಕಿವಿಗಾಗಿ ಬರೆದ ಬರಹ ಅದು.

ಬೆಟ್ಟ ಇಳಿಯುವಾಗ ಮುಂದಿನ ಅಭ್ಯಾಸ ಹೇಳಿದೆ. ಈ ಬಾರಿ ಕಲ್ಪಿತವಲ್ಲ. ನಿಜವಾದ ಒಬ್ಬರಿಗೆ, ನಿಜವಾಗಿ ಬೇಕಾದದ್ದನ್ನು ಕೇಳಿ ಬರೆಯಿರಿ, ಮೊದಲ ಸಾಲಿನಲ್ಲಿ ನಿಮ್ಮದೊಂದು ಕೊರತೆಯನ್ನು ಒಪ್ಪಿಕೊಳ್ಳಿ. ನನಗೆ ತೋರಿಸಬೇಕೋ ಬೇಡವೋ ನಿಮ್ಮಿಷ್ಟ.

ಒಬ್ಬಳ ಪತ್ರ

ಹಲವರು ಬರೆದರು. ಬೀದಿದೀಪಕ್ಕಾಗಿ ಗ್ರಾಮ ಪಂಚಾಯಿತಿಗೆ ಒಂದು, ಮುನಿಸಿಕೊಂಡ ಗೆಳತಿಗೆ ಒಂದು, ಸೈಕಲ್ಲಿಗಾಗಿ ಮಾವನಿಗೆ ಒಂದು. ಇಬ್ಬರು ಈ ಸಲವೂ ಗೈಡನ್ನೇ ಇಳಿಸಿದರು. ನಾನು ಇಲ್ಲಿ ಹೇಳಬೇಕಾದದ್ದು ಒಬ್ಬ ಹುಡುಗಿಯ ಪತ್ರದ ವಿಷಯ. ಅವಳ ಒಪ್ಪಿಗೆ ಪಡೆದು, ಗುರುತು ಸಿಗದಂತೆ ಬರೆಯುತ್ತಿದ್ದೇನೆ.

ನಮ್ಮ ಕಡೆ ಹಿಂಗಾರು ಕೈಕೊಟ್ಟರೆ ದೀಪಾವಳಿಯ ಹೊತ್ತಿಗೆ ಮನೆಗಳಿಗೆ ಬೀಗ ಬೀಳತೊಡಗುತ್ತದೆ. ಬೆಂಗಳೂರು, ಮಂಗಳೂರು, ಗೋವಾ ಕಡೆಗೆ ಗುಳೆ. ಅವಳ ಅಪ್ಪ ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಮೊದಲೇ ಹೋಗಿದ್ದರು. ಹಬ್ಬ ಮುಗಿಸಿಕೊಂಡು ಅವ್ವ, ಇವಳು, ಆರು ವರ್ಷದ ತಮ್ಮ ಹೊರಡುವುದೆಂದು ನಿಶ್ಚಯವಾಗಿತ್ತು. ಇವಳಿಗೆ ಊರಲ್ಲೇ ಅಜ್ಜಿಯ ಹತ್ತಿರ ಉಳಿದು ವಾರ್ಷಿಕ ಪರೀಕ್ಷೆ ಬರೆಯಬೇಕಿತ್ತು. ಫೋನಿನಲ್ಲಿ ಕೇಳಿಯೂ ಇದ್ದಳು. ದಣಿದು ಬಂದ ಅಪ್ಪ ರಾತ್ರಿ ಒಂಬತ್ತಕ್ಕೆ ‘ನೋಡೋಣ’ ಎಂದರೆ ಅದು ಮುಗಿದ ಮಾತು.

ಮೊದಲ ಕರಡನ್ನು ನನಗೆ ತೋರಿಸಿದಳು. ‘ತೀರ್ಥರೂಪ ಅಪ್ಪನವರ ಪಾದಾರವಿಂದಗಳಿಗೆ’ ಎಂದು ಆರಂಭ. ಶಿಕ್ಷಣ ಮೂಲಭೂತ ಹಕ್ಕು, ಹೆಣ್ಣು ಕಲಿತರೆ ಶಾಲೆಯೊಂದು ತೆರೆದಂತೆ, ಸರ್ಕಾರ ಅನೇಕ ಯೋಜನೆ ತಂದಿದೆ. ಎಲ್ಲವೂ ಭಾಷಣ ಸ್ಪರ್ಧೆಯ ಮಾತು. ಇರ್ವಿನ್ನನಿಗೆ ಕೇಳಿದ ಮೂರು ಪ್ರಶ್ನೆಗಳನ್ನು ಅಪ್ಪನಿಗೂ ಕೇಳಿಕೋ ಎಂದೆ. ಬಹಳ ಹೊತ್ತು ಸುಮ್ಮನೆ ನಿಂತಿದ್ದಳು. ಆಮೇಲೆ ಒಂದೊಂದಾಗಿ ಹೇಳಿದಳು. ವಯಸ್ಸಿಗೆ ಬಂದ ಮಗಳನ್ನು ಮುದುಕಿಯ ಹತ್ತಿರ ಬಿಟ್ಟುಹೋದ ಎಂದು ಊರು ಆಡಿಕೊಳ್ಳುತ್ತದೆ, ಅದಕ್ಕೆ ಹೆದರುತ್ತಾರೆ. ಶೆಡ್ಡಿನಲ್ಲಿ ತಮ್ಮನನ್ನು ನಾನು ನೋಡಿಕೊಂಡರೆ ಅವ್ವ ಪೂರ್ತಿ ದಿನ ದುಡಿಯಬಹುದು, ನಾನು ಹೋಗದಿದ್ದರೆ ಅವಳ ಕೂಲಿ ತಪ್ಪುತ್ತದೆ. ಮೇಸ್ತ್ರಿಯಿಂದ ಮುಂಗಡ ತಂದದ್ದು ತೀರಬೇಕು. ಹೇಳುವಾಗ ಅವಳ ದನಿಯಲ್ಲಿ ಅಪ್ಪನ ಮೇಲಿನ ಸಿಟ್ಟು ಸ್ವಲ್ಪವೂ ಇರಲಿಲ್ಲ.

ಎರಡನೆಯ ಕರಡು ಹೀಗೆ ತೊಡಗಿತ್ತು: ‘ಅಪ್ಪಾ, ಹೋದ ವರ್ಷ ಗಣಿತದಲ್ಲಿ ಕಡಿಮೆ ಬಂದದ್ದನ್ನು ನಿಮಗೆ ಹೇಳದೆ ಮುಚ್ಚಿಟ್ಟಿದ್ದೆ.’ ಗವಿಮಠದ ಬಂಡೆ ಇವಳಿಗೆ ದಕ್ಕಿತ್ತು. ಅವ್ವನ ಕೂಲಿಯ ನಷ್ಟವನ್ನು ತಾನೇ ಲೆಕ್ಕ ಹಾಕಿ ಬರೆದಿದ್ದಳು, ಅಡಗಿಸಿರಲಿಲ್ಲ. ತಮ್ಮನನ್ನೂ ಇಲ್ಲೇ ಬಿಡಿ, ಒಂದನೇ ತರಗತಿಗೆ ಹೋಗುತ್ತಾನೆ, ಮಧ್ಯಾಹ್ನದ ಬಿಸಿಯೂಟ ಶಾಲೆಯಲ್ಲೇ ಆಗುತ್ತದೆ, ಉಳಿದ ಹೊತ್ತು ನಾನು ನೋಡಿಕೊಳ್ಳುತ್ತೇನೆ, ಅಲ್ಲಿಗೆ ಅವ್ವನ ಕೂಲಿ ತಪ್ಪುವುದಿಲ್ಲ. ರಾತ್ರಿ ದೊಡ್ಡಮ್ಮ ನಮ್ಮ ಮನೆಯಲ್ಲೇ ಮಲಗಲು ಒಪ್ಪಿದ್ದಾರೆ. ಈ ಕೊನೆಯ ಮಾತನ್ನು ಬರೆಯುವ ಮೊದಲು ಅವಳು ಹೋಗಿ ದೊಡ್ಡಮ್ಮನನ್ನು ಕೇಳಿಕೊಂಡು ಬಂದಿದ್ದಳು.

ಚೆನ್ನಾಗಿದೆ ಎಂದೆ. ಅವಳಿಗೆ ಸಮಾಧಾನವಿರಲಿಲ್ಲ. “ಸರ್, ಅಪ್ಪನಿಗೆ ಓದಲು ಬರುವುದಿಲ್ಲ” ಎಂದಳು. ಶೆಡ್ಡಿನಲ್ಲಿ ಸರಾಗವಾಗಿ ಓದುವವನು ಮೇಸ್ತ್ರಿ. ಅವ್ವ, ಇವಳು ಬಂದರೇ ಅವನಿಗೆ ಅನುಕೂಲ. ಅವನು ಓದಿದರೆ ತನಗೆ ಬೇಕಾದಂತೆ ಓದುತ್ತಾನೆ. ತಗಡಿನ ಗೋಡೆಯ ಆಚೆ ನಾಲ್ಕು ಸಂಸಾರ ಕೇಳಿಸಿಕೊಳ್ಳುತ್ತದೆ. ಸ್ವಲ್ಪ ತಡೆದು ಕೇಳಿದಳು: “ನನ್ನ ರೆನಾಲ್ಡ್ಸ್ ಯಾರು ಸರ್?”

ಉತ್ತರವನ್ನೂ ಅವಳೇ ಕಂಡುಕೊಂಡಳು. ದೊಡ್ಡಪ್ಪನ ಮಗ, ಪಿಯುಸಿ ಅರ್ಧಕ್ಕೆ ಬಿಟ್ಟವನು, ಅದೇ ಕಟ್ಟಡದಲ್ಲಿ ಸೆಂಟ್ರಿಂಗ್ ಕೆಲಸದಲ್ಲಿದ್ದಾನೆ, ಹಬ್ಬಕ್ಕೆ ಬಂದಿದ್ದಾನೆ. ಭಾನುವಾರ ಕೆಲಸವಿಲ್ಲದಾಗ ಅಪ್ಪನನ್ನು ಚಹಾದಂಗಡಿಯ ಕಡೆ ಕರೆದುಕೊಂಡು ಹೋಗಿ ಓದಬೇಕು ಎಂದು ಅವನಿಗೆ ಹೇಳಿದಳು. ಆಮೇಲೆ ಮೂರನೆಯ ಕರಡು. ಉದ್ದನೆಯ ವಾಕ್ಯಗಳನ್ನು ಮುರಿದಳು. ಕಿವಿಗೆ ಉದ್ದ ವಾಕ್ಯ ನಿಲ್ಲುವುದಿಲ್ಲ ಎಂಬುದು ಅವಳ ವಾದ. ‘ಪಾದಾರವಿಂದ’ ಹೋಯಿತು. ಮುಂಗಡದ ಸಾಲನ್ನು ಹೊಡೆದು ಹಾಕಿದಳು. ಸಾಲದ ಮಾತನ್ನು ಚಹಾದಂಗಡಿಯಲ್ಲಿ ಯಾರಾದರೂ ಕೇಳಿಸಿಕೊಂಡರೆ ಅಪ್ಪನಿಗೆ ಅವಮಾನವಾಗುತ್ತದೆ ಎಂದಳು. ಆ ಗಳಿಗೆಯಲ್ಲಿ ನನಗೆ ಅನ್ನಿಸಿದ್ದನ್ನು ಮುಚ್ಚಿಡುವುದಿಲ್ಲ: ‘ಬಹುಶಃ ನಿಮ್ಮ ಸಂಬಳ ದಾನಕ್ಕೇ ಹೋಗುತ್ತದೆ’ ಎಂದು ಬರೆದವರ ಮರ್ಯಾದೆಗೂ ಈ ಹುಡುಗಿ ಹೊಡೆದು ಹಾಕಿದ ಸಾಲಿಗೂ ಅಂತರವಿರಲಿಲ್ಲ.

ಮುಂದಿನ ಭಾನುವಾರ ರಾತ್ರಿ ಅಪ್ಪ ಫೋನ್ ಮಾಡಿದರು. ಮಗಳು ಪರೀಕ್ಷೆ ಮುಗಿಯುವವರೆಗೆ ಊರಲ್ಲಿರಲಿ, ಮಗ ಮಾತ್ರ ಅವ್ವನ ಜೊತೆ ಬರಲಿ. ಕೇಳಿದ್ದರಲ್ಲಿ ಅರ್ಧ ಸಿಕ್ಕಿತು. ತಮ್ಮ ಬಸ್ ಹತ್ತುವಾಗ ಬಹಳ ಅತ್ತನಂತೆ. ಅವನ ಹೆಸರು ಒಂದನೇ ತರಗತಿಯ ಹಾಜರಿಯಲ್ಲಿ ಈಗ ಗೈರು. ಪತ್ರವೊಂದರಿಂದಲೇ ಇದಾಯಿತು ಎನ್ನಲಾರೆ. ಅದೇ ವಾರ ಅಜ್ಜಿಯೂ ಮಗನಿಗೆ ಫೋನಿನಲ್ಲಿ ಗಟ್ಟಿಯಾಗಿ ಹೇಳಿದ್ದರು. ಮುಂದಿನ ವರ್ಷ ಅವಳು ಹತ್ತನೇ ತರಗತಿ. ಆಗ ಮತ್ತೆ ಬರೆಯಬೇಕಾಗಬಹುದು.

ಪರೀಕ್ಷೆಯ ನಮೂನೆಯನ್ನು ಕೈಬಿಟ್ಟೆನೇ ಎಂದು ಸಹ ಶಿಕ್ಷಕರು ಕೇಳುತ್ತಾರೆ. ಇಲ್ಲ. ಅದಕ್ಕೆ ಒಂದು ಅವಧಿ ಸಾಕಾಯಿತು. ಯಾರಿಗೆ ಬರೆಯುತ್ತಿದ್ದೇವೆ ಎಂದು ಗೊತ್ತಾದ ಮೇಲೆ ‘ಇವರಿಗೆ’ ಎಲ್ಲಿರಬೇಕು ಎಂಬುದು ಮಕ್ಕಳಿಗೆ ತಾನಾಗಿ ತಿಳಿಯುತ್ತದೆ. ಬಸ್ಸಿನ ಪತ್ರವನ್ನೂ ಹನ್ನೊಂದು ಮಂದಿ ಸೇರಿ ಮತ್ತೆ ಬರೆದು ಕಳಿಸಿದ್ದಾರೆ. ಈ ಸಲ ಅದರಲ್ಲಿ ಎರೆಮಣ್ಣು ಇದೆ, ಕೈಯಲ್ಲಿ ಹಿಡಿದ ಚಪ್ಪಲಿಗಳಿವೆ, ಬಸ್ಸನ್ನು ಇಪ್ಪತ್ತು ನಿಮಿಷ ಮೊದಲೇ ಬಿಟ್ಟರೆ ಬೇರೆ ಯಾವ ಊರಿಗೂ ತೊಂದರೆಯಾಗುವುದಿಲ್ಲ ಎಂಬ ವೇಳಾಪಟ್ಟಿಯ ಲೆಕ್ಕವಿದೆ. ಉತ್ತರ ಇನ್ನೂ ಬಂದಿಲ್ಲ.

ಹುಡುಗಿಯ ಪತ್ರದ ಅಂತಿಮ ಪ್ರತಿ ನನ್ನ ಬಳಿ ಇಲ್ಲ. ಮೇಲೆ ಬರೆದದ್ದೆಲ್ಲ ಅವಳು ತೋರಿಸಿದ ಕರಡುಗಳ ನೆನಪು ಮತ್ತು ಅವಳ ಬಾಯಿಮಾತು. ಮುಂದಿನ ತಂಡದ ಮಕ್ಕಳಿಗೆ ಓದಿ ಹೇಳಲು ಒಂದು ನಕಲು ಬರೆದುಕೊಡುತ್ತೀಯಾ ಎಂದು ಕೇಳಿದೆ. ತಲೆ ಬಗ್ಗಿಸಿ ಸ್ವಲ್ಪ ಹೊತ್ತು ಯೋಚಿಸಿದಳು.

“ಅದು ಅಪ್ಪನದು ಸರ್” ಎಂದಳು.